ದಾರದಕ್ಕ ಎಣಿಸಿದ ದಿನಗಳು

ನನ್ನ ನಾದಿನಿ ವಿಷಯ ಬರ್ಕೋ ಅಂದ್ರೆ ನಗ್ತೀಯಲ್ಲ ಪುಟ್ಟಿ. ಹಿಂದಿನ ರೂಮಲ್ಲಿ ಮಂಡಿಗೆ ಮುಲಾಮು ಹಚ್ಕೊಂಡು ಕೂತಿರೋ ಮುದುಕೀದು ಬರ್ಯೋಕೆ ಏನಿದೆ ಅಂತ ತಾನೆ. ಇದೆ, ಬರ್ಕೋ. ನಿಮ್ಮಜ್ಜನ ತಂಗಿ ಅವಳು. ಮನೇಲಿ ಅವಳಿಗೆ ಒಂದು ಹೆಸರು, ಕೋರ್ಟಲ್ಲಿ ಇನ್ನೊಂದು. ಜಡ್ಜಿಂದ ಹಿಡಿದು ಬಾಗಿಲು ಕಾಯೋನವರೆಗೂ ಅಲ್ಲಿ ಎಲ್ಲಾರೂ ದಾರದಕ್ಕ ಅಂತಿದ್ರು. ಮೂವತ್ತೊಂದು ವರ್ಷ ಫೈಲಿಗೆ ದಾರ ಕಟ್ಟಿದ್ಲು, ಅದಕ್ಕೆ. ಕೊನೆಕೊನೆಗೆ ನಾನೂ ಹಾಗೇ ಕರೆಯೋಕೆ ಶುರು ಮಾಡ್ದೆ. ಬೇಜಾರು ಮಾಡ್ಕೊಳ್ಳಲಿಲ್ಲ. ಬೇಜಾರು ಮಾಡ್ಕೊಳ್ಳೋಕೂ ಶಕ್ತಿ ಬೇಕಲ್ಲ, ಸಂಜೆ ಮನೆಗೆ ಬರೋ ಹೊತ್ತಿಗೆ ಅದೂ ಇರ್ತಿರಲಿಲ್ಲ ಅವಳಲ್ಲಿ.

ಅವಳು ಕೆಲಸ ಮಾಡ್ತಿದ್ದ ಜಾಗ ಕೋರ್ಟಿನ ನೆಲಮಾಳಿಗೆ, ಫೈಲುಗಳ ರೂಮು, ಮುಗಿದ ಕೇಸಿಂದೂ ನಡೀತಿರೋ ಕೇಸಿಂದೂ ಎಲ್ಲಾ ಅಲ್ಲೇ. ಇಪ್ಪತ್ತೊಂದು ಮೆಟ್ಲು ಇಳೀಬೇಕು. ಮೇಲಿಂದ ಯಾರಾದ್ರೂ ಫೈಲು ಕೇಳಿದ್ರೆ ತಗೊಂಡು ಅಷ್ಟೇ ಮೆಟ್ಲು ಹತ್ತಬೇಕು. ದಿನಕ್ಕೆ ಮೂವತ್ತು ಸಲ ಅಂದ್ರೂ ಲೆಕ್ಕ ಹಾಕ್ಕೋ, ಆ ಮಂಡಿಗೆ ಏನಾಗಿರ್ಬೇಕು. ಕಬ್ಬಿಣದ ರ್‍ಯಾಕು ಗೋಡೆ ತುಂಬಾ. ಒಂದು ಸ್ಟೂಲು, ಅದರ ಒಂದು ಕಾಲು ಗಿಡ್ಡ. ಅದರ ಕೆಳಗೆ ಮಡಚಿಟ್ಟಿದ್ದ ಕಾಗದ ನಾನು ಒಂದ್ಸಲ ಬಿಚ್ಚಿ ನೋಡ್ದೆ, ಯಾವನೋ ಬಾಡಿಗೆದಾರನ ಅರ್ಜಿ. ಅಯ್ಯೋ ಇದು ಯಾರ್ದೋ ಕೇಸಲ್ವೇನೆ ಅಂದೆ. "ಬಾಡಿಗೆದಾರ, ಮನೆ ಮಾಲೀಕ ಇಬ್ರೂ ಸತ್ತೋದ್ರು ಅತ್ತಿಗೆ, ಸ್ಟೂಲು ಬದುಕಿದೆ" ಅಂದ್ಲು. ಅವಳ ತಮಾಷೆ ಎಲ್ಲಾ ಹಾಗೇ, ಮುಖ ಮಾತ್ರ ಅಲ್ಲಾಡ್ತಿರಲಿಲ್ಲ.

ಅಕ್ಷರ ಮಾತ್ರ, ನೋಡಿದ್ರೆ ಕಣ್ಣಿಗೆ ಒತ್ಕೋಬೇಕು ಹಾಗಿತ್ತು. ಅದಕ್ಕೇ ಫೈಲಿನ ರಟ್ಟಿನ ಮೇಲೆ ಬರ್ಯೋ ಕೆಲಸ ಪೂರ್ತಿ ಅವಳದ್ದೇ. ಕೇಸಿನ ನಂಬರು, ಯಾರು ಯಾರ ಮೇಲೆ ಹಾಕಿದ್ದು, ಕೇಸು ಹಾಕಿದ ತಾರೀಖು. ಈ ರಟ್ಟಿನ ವಿಷಯ ನೆನಪಿಟ್ಕೋ, ಆಮೇಲೆ ಬರುತ್ತೆ.

ಇನ್ನೊಬ್ಬಳು ಇದಾಳೆ ಈ ಕಥೇಲಿ. ಕಿಟಕಿ ಟೀಚರ್. ಹಾಗಂತ ಹೆಸರಿಟ್ಟಿದ್ದೂ ಕೋರ್ಟಿನವರೇ. ನದಿ ಆಚೆ ಒಂದು ಸಣ್ಣ ಶಾಲೆ ನಡೆಸ್ತಿದ್ಲು. ಹದಿನಾಲ್ಕು ಕಿಟಕಿ ಮಾಡಿಕೊಡೋಕೆ ಒಬ್ಬ ಬಡಗಿ ಹತ್ರ ಕರಾರು ಬರೆಸಿಕೊಂಡಿದ್ಲು, ಇಂಥಾ ಅಳತೆ, ಇಂಥಾ ಮರ, ಅವನೇ ಬಂದು ಕೂರಿಸಿ ಕೊಡಬೇಕು ಅಂತ. ಅವನು ತಂದಿಳಿಸಿದ. ಹದಿನಾಲ್ಕೂ ಒಂದೊಂದು ಗೇಣು ಅಗಲ ಜಾಸ್ತಿ. ಕೇಳಿದ್ರೆ ನಿಮ್ಮ ಗೋಡೆ ತಪ್ಪು ಅಂದ. ಗೋಡೆ ತಪ್ಪು ಅಂದ ಮಹಾನುಭಾವನ್ನ ನಾನು ಬೇರೆಲ್ಲೂ ಕೇಳಿಲ್ಲ. ಕಿಟಕಿಗಳನ್ನ ಶಾಲೆ ಹಿತ್ತಲಲ್ಲಿ ಒರಗಿಸಿ ಹೋದವನು ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಇವಳು ಕೇಸು ಹಾಕಿದ್ಲು. ಗೋಡೆಯ ತೂತುಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ಲು. ಗಾಳಿ ಬಂತು ಅಂದ್ರೆ ಆ ಹಾಳೆ ಪಟಪಟ ಅನ್ನೋದು, ಅದರ ಮೇಲೆ ಕೂಗಿ ಕೂಗಿ ಪಾಠ ಹೇಳಿ ಆ ತಾಯಿ ಗಂಟಲು ಹರಿದೇ ಹೋಯ್ತು.

ಕೇಸು ನಡೀತು, ನಡೀತು, ನಡೀತಾನೇ ಇತ್ತು. ಕೊನೆಗೆ ಟೀಚರ್ ಪರ ತೀರ್ಪೂ ಆಯ್ತು. ಬಡಗಿ ಬಂದು ಕಿಟಕಿ ಕೊರೆದು ಕೂರಿಸಿ ಕೊಡಬೇಕು, ಇಲ್ಲಾಂದ್ರೆ ಕೋರ್ಟಿನ ಅಮೀನ ನಿಂತು ಮಾಡಿಸಬೇಕು ಅಂತ. ಅಮೀನ ಅಂದ್ರೆ ತೀರ್ಪನ್ನ ಕೈಯಲ್ಲಿ ಹಿಡ್ಕೊಂಡು ಹೋಗಿ ಜಾರಿ ಮಾಡೋನು. ಅಂಥವನು ಇಡೀ ಊರಿಗೆ ಒಬ್ಬನೇ. ಅವನಿಗೆ ಒಂದು ಸೈಕಲ್ಲು, ಆರುನೂರು ತೀರ್ಪು. ಪ್ರತಿ ಗುರುವಾರ ಟೀಚರ್ ಬಂದು ಮೆಟ್ಲಿಳಿದು ಕೇಳೋಳು, "ನನ್ನ ಸರದಿ ಬಂತಾ ದಾರದಕ್ಕ?" "ಇಲ್ಲ ಟೀಚರ್, ಇನ್ನೂ ಇನ್ನೂರ ಎಂಬತ್ತು ಮುಂದಿದಾವೆ." ಇಬ್ರೂ ಒಂದೊಂದು ಲೋಟ ಟೀ ಕುಡಿಯೋರು. ಅಷ್ಟೇ ಅವರ ಸ್ನೇಹ.

ಹೀಗಿರೋವಾಗ ಅಳತೆ ಸಾಹೇಬ ಬಂದ. ರಾಜಧಾನಿಯ ಯಾವುದೋ ಆಫೀಸಿಂದ. ದಪ್ಪ ಕನ್ನಡಕ, ಬೆನ್ನಿಗೆ ಚೀಲ, ಒಂದು ಬೂಟಿನ ಅಡಿ ಬಾಯಿ ಬಿಟ್ಟಿತ್ತು. ನಮ್ಮ ದೇಶದ ಕೋರ್ಟುಗಳು ಕರಾರಿನ ಕೇಸುಗಳನ್ನ ಎಷ್ಟು ಬೇಗ ಮುಗಿಸ್ತವೆ ಅಂತ ಅಳೀಬೇಕಂತೆ. ಬೇರೆ ದೇಶಗಳ ಪಕ್ಕ ಇಟ್ಟು ನೋಡ್ತಾರಂತೆ, ತೂಕಕ್ಕೆ ಹಾಕಿದ ಹಾಗೆ. ಅಲ್ಲೀವರೆಗೆ ಹೇಗೆ ಅಳೀತಿದ್ರು ಗೊತ್ತಾ? ಒಂದು ಊರಿಗೆ ನಾಲ್ಕು ಜನ ವಕೀಲರನ್ನ ಕರೆದು ಕೂರಿಸಿ, ಒಂದು ಕೇಸಿಗೆ ಎಷ್ಟು ದಿನ ಹಿಡಿಯುತ್ತೆ ಸ್ವಾಮಿ ಅಂತ ಕೇಳೋದು. ಅವರು ಬಿಸ್ಕತ್ತು ತಿಂತಾ ಒಂದು ವರ್ಷ ಅನ್ನಿ, ಒಂದೂವರೆ ಅನ್ನಿ ಅನ್ನೋರು. ಆ ಸಲ ಯಾರೋ ತಲೆ ಇರೋರು, ಬಾಯಿ ಮಾತು ಬೇಡ, ಫೈಲು ತೆಗೆದು ಎಣಿಸಿ ಅಂದಿದ್ರು. ಹಿಂದಿನ ವರ್ಷ ತೀರ್ಪಾದ ಕರಾರಿನ ಕೇಸು ನೂರು ತಗೊಂಡು, ಕೇಸು ಹಾಕಿದ ದಿನದಿಂದ ತೀರ್ಪಿನ ದಿನದವರೆಗೆ ಒಂದೊಂದಕ್ಕೂ ಎಣಿಸಿ, ಸರಾಸರಿ ಬರ್ಯೋದು. ಸರಾಸರಿ ಮೂರು ವರ್ಷ ದಾಟಿದ್ರೆ ಆ ಕೋರ್ಟಿಗೆ ಆಳು ಸಾಲದು ಅಂತ ಲೆಕ್ಕ, ಇನ್ನೊಬ್ಬ ಅಮೀನನ್ನ ಕೊಡ್ತಾರೆ. ದಾಟಲಿಲ್ಲ ಅಂದ್ರೆ ಏನೂ ಇಲ್ಲ.

ಎಣಿಸೋ ಕೆಲಸ ದಾರದಕ್ಕನ ತಲೆ ಮೇಲೆ ಬಿತ್ತು, ಇನ್ಯಾರ ತಲೆ ಮೇಲೆ ಬೀಳುತ್ತೆ. ಆ ಗುರುವಾರ ಟೀಚರಿಗೆ ಹೇಳಿದ್ಲಂತೆ, "ಸ್ವಲ್ಪ ತಡ್ಕೊಳ್ಳಿ, ಇನ್ನೊಬ್ಬ ಅಮೀನ ಬರ್ತಾನೆ. ಈ ಕೋರ್ಟಲ್ಲಿ ಮೂರು ವರ್ಷದೊಳಗೆ ಮುಗಿದ ಕೇಸು ನಾನಂತೂ ನೋಡಿಲ್ಲ." ಮೂವತ್ತು ವರ್ಷಕ್ಕೆ ಅವಳು ಒಬ್ಬರಿಗೆ ಕೊಟ್ಟ ಭರವಸೆ ಅದೊಂದೇ.

ರಟ್ಟು ನೋಡೋದು, ತಾರೀಖು ಬರ್ಕೊಳ್ಳೋದು, ತೀರ್ಪಿನ ಹಾಳೆ ನೋಡೋದು, ಕಳೆಯೋದು. ಎಂಬತ್ತೇಳು ಫೈಲು ಆಗೋ ಹೊತ್ತಿಗೆ ಅವಳಿಗೇ ಅನುಮಾನ ಬಂತು. ಸರಾಸರಿ ನಾನೂರು ದಿನದ ಆಸುಪಾಸು ಬರ್ತಾ ಇದೆ. ಮನೆಗೆ ಬಂದು ನನ್ನ ಕೇಳಿದ್ಲು, "ಅತ್ತಿಗೆ, ನನಗೆ ಎಲ್ಲಾ ನಿಧಾನ ಅನ್ನಿಸ್ತಿದ್ದಿದ್ದು ನನ್ನ ಮಂಡಿ ದೆಸೆಯಿಂದಾನಾ?" ಇರಬಹುದು ಕಣೆ ಅಂದೆ. ನನಗೂ ಆಗ ಸೊಂಟ ನೋವು, ನಿಮ್ಮ ಚಿಕ್ಕಪ್ಪನ ಮದುವೆ ಓಡಾಟ ಬೇರೆ. ಆ ಮದುವೆ ಕಥೆ ಇನ್ನೊಂದಿನ ಹೇಳ್ತೀನಿ, ಬೀಗರು ಬಸ್ಸು ತಪ್ಪಿಸಿಕೊಂಡಿದ್ದು.

ಎಂಬತ್ತೆಂಟನೇದು ಕಿಟಕಿ ಟೀಚರ್ ಫೈಲು. ರಟ್ಟಿನ ಮೇಲೆ ನೋಡಿದ್ರೆ ಕೇಸು ಹಾಕಿ ಎರಡು ವರ್ಷ ಒಂದು ತಿಂಗಳು. ದಾರ ನೋಡಿದ್ರೆ ಹಸಿರು.

ಇದು ನಿನಗೆ ಅರ್ಥ ಆಗ್ಬೇಕು ಅಂದ್ರೆ ಹೇಳ್ತೀನಿ ಕೇಳು. ಕೋರ್ಟಿಗೆ ಯಾವತ್ತೂ ಕೆಂಪು ದಾರಾನೇ ಬರೋದು. ಒಂದೇ ಒಂದು ವರ್ಷ, ದಾರ ಕೊಡೋನು ತಪ್ಪು ಮಾಡಿ ಹಸಿರು ಕಳಿಸಿದ್ದ. ಹೆಡ್ ಕ್ಲಾರ್ಕು ಕೂಗಾಡಿದ್ರು, ಆದ್ರೂ ಆ ವರ್ಷ ಪೂರ್ತಿ ಅದೇ ಕಟ್ಟಿದ್ದು. ಅದು ನಮ್ಮತ್ತೆ ತೀರಿಕೊಂಡ ವರ್ಷ, ಅಂದ್ರೆ ಇವಳ ಅಮ್ಮ. ದುಃಖದಲ್ಲಿ ಕೂತು ಹಸಿರು ದಾರ ಕಟ್ಟಿದ್ದು ಅವಳು ಮರೆಯೋ ಹಾಗಿಲ್ಲ. ಹನ್ನೊಂದು ವರ್ಷದ ಹಿಂದಿನ ಮಾತು. ಹನ್ನೊಂದು ವರ್ಷದ ದಾರ ಎರಡು ವರ್ಷದ ಫೈಲಿಗೆ ಹೇಗೆ ಬಂತು?

ಬಿಚ್ಚಿ ನೋಡಿದ್ಲು. ಒಳಗೆ ಮೊದಲನೇ ಹಾಳೆ, ಟೀಚರ್ ಅರ್ಜಿ, ಹನ್ನೊಂದು ವರ್ಷದ ಹಿಂದಿನ ಸೀಲು. ಆಮೇಲೆ ನೆನಪಾಯ್ತಂತೆ. ಆ ಕೋರ್ಟಲ್ಲಿ ಒಂದು ಪದ್ಧತಿ. ಕೇಸು ಒಂದು ಕೋರ್ಟ್ ಹಾಲಿಂದ, ಅಂದ್ರೆ ಜಡ್ಜು ಕೂರೋ ರೂಮಿಂದ, ಇನ್ನೊಂದು ಹಾಲಿಗೆ ಹೋದ್ರೆ ಹೊಸ ರಟ್ಟು, ಹೊಸ ನಂಬರು, ಹೊಸ ತಾರೀಖು. ಹಳೇ ರಟ್ಟು ರದ್ದಿಗೆ. ದಾರ ಮಾತ್ರ ಗಟ್ಟಿ ಇದ್ರೆ ಅದನ್ನೇ ಮತ್ತೆ ಕಟ್ಟೋದು, ಉಳಿತಾಯಕ್ಕೆ. ಜಡ್ಜಿಗೆ ವರ್ಗ ಆದ್ರೆ ಹಾಲು ಬದಲು. ಚಾವಣಿ ಸೋರಿದ್ರೆ ಹಾಲು ಬದಲು. ಅದರ ಮೇಲೆ ಎರಡು ವರ್ಷದ ಹಿಂದೆ ಕರಾರಿನ ಕೇಸು ಬೇಗ ಮುಗೀಲಿ ಅಂತಾನೇ ಮೂರನೇ ಹಾಲು ತೆಗೆದಿದ್ರು, ಇದ್ದಬದ್ದ ಕರಾರಿನ ಕೇಸೆಲ್ಲಾ ಅಲ್ಲಿಗೆ ಹೋಗಿದ್ವು. ಹೋದ ದಿನವೇ ಎಲ್ಲಾ ಹೊಸದಾಗಿ ಹುಟ್ಟಿದ ಹಾಗೆ. ಆ ರಟ್ಟೆಲ್ಲಾ ಬರೆದವಳು ಯಾರು? ಇವಳೇ. ಚೆಂದದ ಅಕ್ಷರದಲ್ಲಿ.

ಅವತ್ತು ಮನೆಗೆ ಬಂದು ಕೈ ತೊಳೆದ್ಲು, ಮತ್ತೆ ತೊಳೆದ್ಲು. "ಎಲ್ಲಾ ಕೇಸಿಗೂ ನಾನೇ ವಯಸ್ಸು ಇಳಿಸಿದೀನಿ ಅತ್ತಿಗೆ" ಅಂದ್ಲು.

"ಅವರು ಹೇಳಿದ್ದನ್ನ ನೀನು ಬರೆದೆ, ನಿಂದೇನೇ ತಪ್ಪು?"

"ತಪ್ಪು ಅಂತ ಯಾರು ಹೇಳಿದ್ರು. ಇಳಿಸಿದೀನಿ ಅಂದೆ."

ಫಾರಂ ಕೊಡೋಕೆ ಇನ್ನು ಆರು ದಿನ. ಈಗ ನೂರು ಫೈಲೂ ಬಿಚ್ಚಿ, ಒಳಗಿನ ಮೊದಲ ಹಾಳೆ ಹುಡುಕಿ ಮತ್ತೆ ಎಣಿಸ್ಬೇಕು. ಮೇಲಿನ ಕೆಲಸ ಬಿಡೋ ಹಾಗಿಲ್ಲ. ಮಧ್ಯಾಹ್ನ ಊಟದ ಡಬ್ಬಿ ತಗೊಂಡು ನಾನೇ ಹೋಗೋಕೆ ಶುರು ಮಾಡ್ದೆ. ಯಾರೂ ತಡೀಲಿಲ್ಲ, ಡಬ್ಬಿ ಹಿಡಿದ ಹೆಂಗಸನ್ನ ಯಾರು ತಡೀತಾರೆ. ಅವಳು ತಾರೀಖು ಓದೋದು, ನಾನು ದಿನ ಎಣಿಸೋದು. ರ್‍ಯಾಕಿಗೆ ಹಾಸಿದ್ದ ಹಳೇ ಕ್ಯಾಲೆಂಡರುಗಳನ್ನ ಎಳೆದು ಹರಡ್ಕೊಂಡೆ, ಹದಿಮೂರು ವರ್ಷದ್ದು ಸಿಕ್ತು. ಫೆಬ್ರವರಿಗೆ ಇಪ್ಪತ್ತೊಂಬತ್ತಾ ಇಪ್ಪತ್ತೆಂಟಾ ಅಂತ ಇಬ್ಬರಿಗೂ ಜಗಳ. ಧೂಳಿಗೆ ಸೀನು ಬಂದು ಎಣಿಕೆ ತಪ್ಪೋದು, ಮತ್ತೆ ಮೊದಲಿಂದ. ಒಂದು ಫೈಲಲ್ಲಿ ನಮ್ಮ ಬೀದಿ ಹಾಲಿನವನ ಅಪ್ಪನ ಕೇಸೇ ಸಿಕ್ತು. ನಾನು ಓದೋಕೆ ಕೂತ್ರೆ ಇವಳು ಕಿತ್ಕೊಂಡ್ಲು. "ದಿನ ಎಣಿಸೋಕೆ ಕರ್ಕೊಂಡ್ಬಂದಿದ್ದು, ಊರ ಸುದ್ದಿಗಲ್ಲ."

ಆರನೇ ದಿನಕ್ಕೆ ಮುಗೀತು. ಸರಾಸರಿ ಸಾವಿರದ ಆರುನೂರ ಹದಿನಾಲ್ಕು. ನಾಲ್ಕೂವರೆ ವರ್ಷದ ಹತ್ತಿರ. ಇನ್ನೊಬ್ಬ ಅಮೀನ ಬರ್ಲೇಬೇಕು.

ಫಾರಂ ತಗೊಂಡು ಹೆಡ್ ಕ್ಲಾರ್ಕ್ ಹತ್ರ ಹೋದ್ಲು. ನಾನು ಡಬ್ಬಿ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದೆ, ಎಲ್ಲಾ ಕೇಳಿಸ್ತು. ಹೆಡ್ ಕ್ಲಾರ್ಕು ಕೆಟ್ಟವರಲ್ಲ. ಕಾಗದ ಅಂದ್ರೆ ಪ್ರಾಣ, ಮನುಷ್ಯರು ಅಂದ್ರೆ ಅಷ್ಟಕ್ಕಷ್ಟೆ.

"ಒಳಗೆ ಯಾಕೆ ಇಣುಕಿದ್ರಿ? ರಟ್ಟಿನ ಮೇಲಿನ ತಾರೀಖೇ ಕೋರ್ಟಿನ ತಾರೀಖು."

"ಆ ತಾರೀಖು ನಾನೇ ಬರೆದಿದ್ದು ಸಾರ್."

"ನೀವು ಬರೆದಿದ್ದನ್ನ ನೀವೇ ನಂಬಲ್ಲ ಅಂದ್ರೆ ನಾನೇನು ಮಾಡ್ಲಿ ದಾರದಕ್ಕ? ಇನ್ನೆಂಟು ತಿಂಗಳಿಗೆ ಮನೆಗೆ ಹೋಗ್ತೀರಿ. ನೆಮ್ಮದಿಯಾಗಿ ಹೋಗಿ."

ಅಳತೆ ಸಾಹೇಬ ಅಲ್ಲೇ ಕೂತಿದ್ದ. ಕನ್ನಡಕ ತೆಗೆದು ಕಣ್ಣು ಒತ್ಕೊಂಡ. "ಅಮ್ಮ, ನಾನು ಇಪ್ಪತ್ತೇಳು ಕೋರ್ಟು ಸುತ್ತಿ ಬಂದಿದೀನಿ. ನೀವು ಹೇಳೋದು ನಿಜ, ಗೊತ್ತಾಗ್ತಿದೆ. ಆದ್ರೆ ಸೂಚನೆ ಓದಿ. 'ರಟ್ಟಿನ ಮೇಲೆ ಕಾಣುವ ಮೊದಲ ತಾರೀಖು.' ಬೇರೆ ಹಾಕಿದ್ರೆ ಅಲ್ಲಿ ತಿರಸ್ಕಾರ ಆಗುತ್ತೆ, ನಿಮ್ಮ ಕೋರ್ಟು ಲೆಕ್ಕದಲ್ಲೇ ಇರಲ್ಲ. ಕೆಳಗೆ ಷರಾ ಅಂತ ಮೂರು ಗೆರೆ ಇದೆ, ಅಲ್ಲಿ ಬರೀರಿ. ಓದೋರು ಓದ್ತಾರೆ."

ಹಾಗೇ ಮಾಡಿದ್ಲು. ಫಾರಂನ ಚೌಕದಲ್ಲಿ ರಟ್ಟಿನ ಲೆಕ್ಕದ ಮುನ್ನೂರ ತೊಂಬತ್ತೆಂಟು. ಕೆಳಗೆ ಮೂರು ಗೆರೆಯಲ್ಲಿ ಸಣ್ಣಗೆ, ಒಳಗಿನ ತಾರೀಖಿನಂತೆ ಸಾವಿರದ ಆರುನೂರ ಹದಿನಾಲ್ಕು, ಕಾರಣ ಹೀಗೆ ಅಂತ. ಸಹಿ ಹಾಕಿದ್ಲು. ಬಸ್ಸಲ್ಲಿ ಸೀಟಿದ್ರೂ ನಿಂತೇ ಬಂದ್ಲು.

ಎರಡು ತಿಂಗಳಿಗೆ ಪುಸ್ತಕ ಅಚ್ಚಾಗಿ ಬಂತು. ಷರಾ ಹಾಕೋಕೆ ಅದರಲ್ಲಿ ಜಾಗವೇ ಇರಲಿಲ್ಲ. ಮುನ್ನೂರ ತೊಂಬತ್ತೆಂಟು. ನಮ್ಮ ಕೋರ್ಟು ಇಡೀ ದೇಶಕ್ಕೆ ಏಳನೇದು. ಕಟ್ಟು ಹಾಕಿಸಿದ ಪ್ರಶಸ್ತಿ ಪತ್ರ ಬಂತು, ವರಾಂಡದಲ್ಲಿ ಮೊಳೆ ಹೊಡೆದು ತೂಗು ಹಾಕಿದ್ರು. ಅಮೀನ ಬರಲಿಲ್ಲ. ವೇಗವಾಗಿರೋ ಕೋರ್ಟಿಗೆ ಅಮೀನ ಯಾಕೆ?

ಗುರುವಾರ ಟೀಚರ್ ಬಂದು ಅದರ ಕೆಳಗೆ ನಿಂತು ಓದಿದ್ಲಂತೆ, ಕನ್ನಡಕ ಹಾಕ್ಕೊಂಡು, ಪೂರ್ತಿ. ಮೆಟ್ಲಿಳಿದು ಬಂದು ಹೇಳಿದ್ಲಂತೆ, ಆ ಹರಿದ ಗಂಟಲಲ್ಲಿ, "ದಾರದಕ್ಕ, ನನ್ನ ಕೇಸು ಒಂದು ವರ್ಷದಲ್ಲಿ ಮುಗೀತಂತೆ. ನನಗೆ ಯಾರೂ ಹೇಳ್ಲೇ ಇಲ್ಲವಲ್ಲ."

ಇವಳು ಸ್ಟೂಲಿಂದ ಎದ್ದು ಟೀಚರ್ ಫೈಲು ತಂದು ಮುಂದಿಟ್ಲು. "ಈ ರಟ್ಟು ಬರೆದವಳು ನಾನೇ ಟೀಚರ್. ಮೂರು ಸಲ ಬದಲಾಯಿಸಿದೀನಿ. ಮೂರು ಸಲಾನೂ ನಾನೇ."

ಟೀಚರ್ ಆ ರಟ್ಟು ಎತ್ಕೊಂಡು ಒಂದೊಂದೇ ಸಾಲು ಓದಿದ್ಲು. ಬೈತಾಳೆ ಅಂತ ಇವಳು ಕಾದಿದ್ಲಂತೆ. ಬೈದಿದ್ರೆ ಚೆನ್ನಾಗಿತ್ತು ಅಂತ ನನ್ನ ಹತ್ರ ಆಮೇಲೆ ಹೇಳಿದ್ಲು. ಟೀಚರ್ ಅಂದಿದ್ದು, "ಅಕ್ಷರ ಚೆನ್ನಾಗಿದೆ." ಟೀ ಕುಡೀದೆ ಹೋದ್ಲು.

ರಿಟೈರಾಗೋಕೆ ಇನ್ನು ಆರು ತಿಂಗಳು. ಬೇರೆ ಯಾರೇ ಆಗಿದ್ರೂ ರಜಾ ಹಾಕಿ ಮಲಗಿರೋರು, ನಾನೂ ಅದನ್ನೇ ಹೇಳ್ದೆ. ಅವಳು ಮಾರನೇ ದಿನದಿಂದ ಮೊದಲನೇ ರ್‍ಯಾಕಿನ ಮೇಲಿನ ಅಂಕಣದಿಂದ ಶುರು ಮಾಡಿದ್ಲು. ಫೈಲು ಇಳಿಸೋದು, ಬಿಚ್ಚೋದು, ಅರ್ಜಿಯ ಸೀಲು ನೋಡೋದು, ರಟ್ಟಿನ ತಲೆಯಲ್ಲಿ, ಬಲಗಡೆ ಮೂಲೆಯಲ್ಲಿ ಆ ಮೊದಲ ತಾರೀಖು ಬರ್ಯೋದು, ಕಟ್ಟೋದು, ಹತ್ತಿಸೋದು. ದಿನಕ್ಕೆ ಹದಿನೈದು. ಯಾರೂ ಹೇಳಿದ್ದಲ್ಲ, ಯಾರೂ ಕೇಳಲೂ ಇಲ್ಲ. ಹೆಡ್ ಕ್ಲಾರ್ಕು ಒಂದ್ಸಲ ಕೆಳಗಿಳಿದು ನೋಡಿ, "ಏನಿದು?" ಅಂದ್ರಂತೆ. "ಹುಡುಕೋಕೆ ಸುಲಭ ಆಗ್ಲಿ ಅಂತ ಸಾರ್." ಅವರಿಗೂ ಮಂಡಿ ನೋವು, ಮತ್ತೆ ಇಳೀಲಿಲ್ಲ. ಎರಡು ಸಾವಿರದ ಇನ್ನೂರು ಚಿಲ್ಲರೆ ಬರೆದ್ಲು, ಅರ್ಧಕ್ಕೆ ಸ್ವಲ್ಪ ಜಾಸ್ತಿ. ಉಳಿದಿದ್ದು ಉಳೀತು. ಸಂಜೆ ಬಂದು ಬೆರಳು ಬಿಸಿನೀರಲ್ಲಿ ಇಟ್ಕೊಂಡು ಕೂರೋಳು.

ಕೊನೇ ವಾರ ಅವಳ ಜಾಗಕ್ಕೆ ಹೊಸಬಳು ಬಂದ್ಲು. ಚುರುಕಿನವಳು, ತಲೆಗೂದಲು ಕತ್ತರಿಸಿಕೊಂಡಿದ್ಲು. ಕೇಳಿದ್ಲಂತೆ, "ಈ ಮೂಲೆ ತಾರೀಖು ಏನಕ್ಕೆ ಮೇಡಂ? ರೂಲಾ?"

ದಾರದಕ್ಕ ನನಗೆ ಗೊತ್ತಿದ್ದ ಹಾಗೆ ಸುಳ್ಳು ಹೇಳ್ದೋಳಲ್ಲ. ನಿಮ್ಮಜ್ಜ ಚಿಕ್ಕಂದಿನಲ್ಲಿ ಕಳ್ಳತನದಲ್ಲಿ ಸಕ್ಕರೆ ತಿಂದು ಇವಳ ಕಡೆ ಬೊಟ್ಟು ಮಾಡಿದಾಗಲೂ ನಿಜ ಹೇಳಿ ಇಬ್ಬರೂ ಏಟು ತಿಂದಿದ್ರು. "ಹೂಂ, ರೂಲು" ಅಂದ್ಲಂತೆ. "ಹಾಲು ಬದಲಾದ್ರೂ ಮೂಲೆ ತಾರೀಖು ಬದಲಾಗಲ್ಲ. ನೆನಪಿಟ್ಕೋ."

ಆಮೇಲೆ ನಾಲ್ಕು ವರ್ಷ. ಅವಳು ಮನೇಲಿ. ಮಂಡಿ ಪೂರ್ತಿ ಕೈ ಕೊಡ್ತು, ಹಿಂದಿನ ರೂಮಿಂದ ಅಡುಗೆಮನೆಗೆ ಬರೋದೇ ಒಂದು ಯಾತ್ರೆ. ಟೀಚರ್ ಸುದ್ದಿ ಇಲ್ಲ. ಕೇಳೋಕೆ ಅವಳಿಗೆ ಮುಖ ಇಲ್ಲ.

ಮತ್ತೆ ಅಳತೆಯವರು ಬಂದ್ರು, ಈ ಸಲ ಬೇರೆ ಯಾರೋ. ಅದೇ ಫಾರಂ, ಅದೇ ಸೂಚನೆ. ರಟ್ಟಿನ ಮೇಲೆ ಕಾಣುವ ಮೊದಲ ತಾರೀಖು. ಮೊದಲು ಕಂಡಿದ್ದು ಮೂಲೇದು. ಹೊಸಬಳು ರೂಲು ಪ್ರಕಾರ ಎಣಿಸಿ ಕೊಟ್ಲು. ಸಾವಿರದ ಏಳ್ನೂರ ಎರಡು. ಏಳನೇ ಸ್ಥಾನದಲ್ಲಿದ್ದ ಕೋರ್ಟು ಎಲ್ಲೋ ತಳಕ್ಕೆ ಹೋಗಿ ಬಿತ್ತು. ನಾಲ್ಕೇ ವರ್ಷದಲ್ಲಿ ಇಷ್ಟು ಸೋಮಾರಿ ಹೇಗಾದ್ರಿ ಅಂತ ಹೆಡ್ ಕ್ಲಾರ್ಕಿಗೆ ನೋಟೀಸು ಬಂತಂತೆ. ಪಾಪ, ಅವರು ಆ ನಾಲ್ಕು ವರ್ಷ ಒಂದು ದಿನ ರಜಾ ಹಾಕಿರಲಿಲ್ಲ. ಪ್ರಶಸ್ತಿ ಪತ್ರ ಇಳಿಸಿದ್ರು, ಮೊಳೆ ಹಾಗೇ ಇದೆ ಅಂತೆ. ಅಮೀನ ಬಂದ.

ಇದೆಲ್ಲಾ ನಮಗೆ ಗೊತ್ತಾಗಿದ್ದು ಟೀಚರ್ ಮನೆಗೆ ಬಂದಾಗ. ಹೋದ ವರ್ಷ, ಒಂದು ಗುರುವಾರ ಮಧ್ಯಾಹ್ನ. ನೀನು ಕಾಲೇಜಿಗೆ ಹೋಗಿದ್ದೆ. ನಾನೇ ಬಾಗಿಲು ತೆಗೆದೆ. ನಮ್ಮ ಪುಟ್ಟ ರೂಮಲ್ಲಿ ಕೂತು ಆಚೆ ಬೀದಿಗೆ ಕೇಳೋ ಹಾಗೆ ಮಾತಾಡಿದ್ಲು. ಪ್ಲಾಸ್ಟಿಕ್ ಹಾಳೆ ಮೇಲೆ ಕೂಗಿ ಅಭ್ಯಾಸ, ಹೋಗಲ್ಲವಂತೆ.

"ಹನ್ನೊಂದು ಕೂರಿಸಿದ್ರು ದಾರದಕ್ಕ. ಅಮೀನ ಎದುರಿಗೆ ನಿಂತು ಕೊರೆಸಿದ. ಮೂರು ಹಿತ್ತಲಲ್ಲೇ ಹುಳ ಹಿಡಿದು ಪುಡಿ ಆಗಿದ್ವು."

ದಾರದಕ್ಕ ಬೆರಳು ಮಡಚ್ತಾ ಇದ್ಲು. "ಐದು ಸಾವಿರದ ಏಳ್ನೂರ ಹನ್ನೆರಡು ದಿನ" ಅಂದ್ಲು.

"ನಾನು ಎಣಿಸಲಿಲ್ಲಮ್ಮ. ಎಣಿಸಿದ್ರೆ ಹುಚ್ಚು ಹಿಡೀತಿತ್ತು."

"ಆ ಮೂರಕ್ಕೆ ಏನು ಮಾಡ್ತೀರಿ?"

"ಅದಕ್ಕೇ ಬಂದೆ." ಚೀಲದಿಂದ ಒಂದು ಕಾಗದ ತೆಗೆದ್ಲು. "ಹೊಸ ಅರ್ಜಿ ಹಾಕಬೇಕಂತೆ. ಹೊಸ ನಂಬರು, ಹೊಸ ರಟ್ಟು. ನನ್ನ ಕೈಲಿ ಇನ್ನಾಗಲ್ಲ, ಶಾಲೆ ನೋಡ್ಕೊಳ್ಳೋಳು ಈಗ ಬೇರೆ ಇದಾಳೆ, ಅವಳು ಹೋಗ್ತಾಳೆ. ಬರೆದಿದ್ದು ಸರಿ ಇದೆಯಾ ಒಂದ್ಸಲ ನೋಡಿ ಕೊಡಿ."

ಇಬ್ಬರೂ ಸ್ವಲ್ಪ ನಕ್ಕರು. ನಗು ಅಂದ್ರೆ ಉಸಿರು ಬಿಟ್ಟ ಹಾಗೆ.

ದಾರದಕ್ಕ ಅರ್ಜಿ ಪೂರ್ತಿ ಓದಿದ್ಲು, ಒಂದು ಕಡೆ ತಿದ್ದಿದ್ಲು. ಆಮೇಲೆ "ಅತ್ತಿಗೆ, ಪೆನ್ನು" ಅಂದ್ಲು. ನಾನು ನಿನ್ನ ಮೇಜಿಂದ ತಂದುಕೊಟ್ಟೆ, ಆ ನೀಲಿದು, ನೀನು ಹುಡುಕ್ತಾ ಇದ್ದೆಯಲ್ಲ ಅದೇ. ಎಡಗೈಯಲ್ಲಿ ಬಲಗೈ ಹಿಡ್ಕೊಂಡು ಕಾಗದದ ಬಲಗಡೆ ಮೂಲೆಯಲ್ಲಿ ಹಸಿರು ದಾರದ ವರ್ಷದ ತಾರೀಖು ಬರೆದ್ಲು. ಅಕ್ಷರ ಮೊದಲಿನ ಹಾಗಿರಲಿಲ್ಲ.

"ಇದನ್ನ ಅಳಿಸಬೇಡ ಅಂತ ನಿಮ್ಮ ಹುಡುಗಿಗೆ ಹೇಳಿ" ಅಂದ್ಲು. "ಯಾರಾದ್ರೂ ಕೇಳಿದ್ರೆ ರೂಲು ಅನ್ನಲಿ."

ಟೀಚರ್ ಕಾಗದ ಮಡಚಿ ಇಟ್ಕೊಂಡ್ಲು. ನಾನು ಟೀಗೆ ನೀರಿಟ್ಟೆ. ಆ ದಿನ ಕುಡಿದೇ ಹೋದ್ಲು.